ಪುರಸಭೆಯ ಮಾಳಿಗೆಯ ಮೇಲಣ ಸೌರವಿದ್ಯುತ್ತು

ಈಚಿನ ವರ್ಷಗಳಲ್ಲಿ ನಾಡಿನ ಅನೇಕ ಊರುಗಳ ಸಾರ್ವಜನಿಕ ಕಟ್ಟಡಗಳ ಮಾಳಿಗೆಯ ಮೇಲೆ ನೀಲಿಗಪ್ಪು ಬಣ್ಣದ ಗಾಜಿನ ಫಲಕಗಳು ದಕ್ಷಿಣಾಭಿಮುಖವಾಗಿ ಸಾಲುಗಟ್ಟಿ ನಿಂತಿರುವುದನ್ನು ಓದುಗ ಮಹನೀಯರು ಕಂಡೇ ಇರುತ್ತಾರೆ. ಅವು ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳೆಂಬುದೂ ಸರ್ವವಿದಿತವಾದ ಸಂಗತಿ. ಆದರೆ ಆ ವಿದ್ಯುತ್ತು ಎಲ್ಲಿಗೆ ಹೋಗುತ್ತದೆ, ರಾತ್ರಿಯ ಗತಿ ಏನು, ಊರಿನಲ್ಲಿ ಕರೆಂಟು ಹೋದಾಗ ಫಲಕಗಳಿರುವ ಕಟ್ಟಡದಲ್ಲಿಯೂ ದೀಪ ಆರಿಹೋಗುವುದೇಕೆ, ಇದರಿಂದ ಪುರಸಭೆಯ ಬೊಕ್ಕಸಕ್ಕೆ ನಿಜವಾಗಿ ಆಗುವ ಲಾಭವೆಷ್ಟು ಎಂದು ಕೇಳಿದರೆ ಸ್ಪಷ್ಟವಾಗಿ ಉತ್ತರಿಸಬಲ್ಲವರು ವಿರಳ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಪುರಸಭೆಗಳ ಸದಸ್ಯರಿದ್ದಾರೆ, ಗುತ್ತಿಗೆದಾರರಿದ್ದಾರೆ, ಇಂಜಿನಿಯರುಗಳಿದ್ದಾರೆ. ಶಾಲೆಯ ಮಾಳಿಗೆಗೂ ಇಂಥದೊಂದು ವ್ಯವಸ್ಥೆಯನ್ನು ಮಾಡಿಸಿಕೊಡಬೇಕೆಂಬ ಸದಿಚ್ಛೆಯನ್ನು ದಾನಿಗಳಲ್ಲಿ ಕೆಲವರು ಪ್ರಕಟಿಸಿದ್ದಾರೆ. ಆದಕಾರಣ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದು.

ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಕಲಿಸುವ ಕನ್ನಡ ಪಂಡಿತನಿಗೆ ವಿದ್ಯುತ್ತಿನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಪುರಸಭೆಯೊಂದು ತನ್ನ ಕಟ್ಟಡದ ಮೇಲೆ ಸೌರಫಲಕಗಳನ್ನು ಹಾಕಿಸಿದಾಗ ಅವುಗಳ ಎಚ್ಚರಿಕೆಯ ಹಲಗೆಗಳನ್ನೂ ನಿರ್ವಹಣೆಯ ಸೂಚನೆಗಳನ್ನೂ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತು. ಅರ್ಥವಾಗದ್ದನ್ನು ಅನುವಾದಿಸುವುದು ಅನ್ಯಾಯವೆಂದು ಬಗೆದು, ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕೂರಿಸಿಕೊಂಡು ಒಂದೊಂದು ಪದವನ್ನೂ ಕೇಳಿ ತಿಳಿದುಕೊಂಡೆ. ಗುರುವಿಗೆ ಶಿಷ್ಯನು ಪಾಠ ಹೇಳಿದ ಆ ಕೆಲವು ಸಂಜೆಗಳ ಫಲವೇ ಈ ಲೇಖನ.

ಪದಗಳ ಮಾತು ಬಂದಿದ್ದರಿಂದ ಒಂದು ತೊಡಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಏಕಮುಖವಾದ ವಿದ್ಯುತ್ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಇನ್ವರ್ಟರ್ ಎಂಬ ಯಂತ್ರಕ್ಕೆ 'ಪರಿವರ್ತಕ' ಎಂದು ಹೆಸರಿಡೋಣವೆಂದರೆ, ಬೀದಿಯ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿಗೆ ಆ ಹೆಸರು ಆಗಲೇ ಸಂದುಹೋಗಿದೆ. ಎರಡಕ್ಕೂ ಒಂದೇ ಹೆಸರಾದರೆ ಹಲಗೆಯನ್ನು ಓದಿದ ಕೆಲಸಗಾರನು ಯಾವುದನ್ನು ಮುಟ್ಟಬಾರದೆಂದು ತಿಳಿಯುವುದು ಹೇಗೆ? ಪ್ರಾಣಕ್ಕೆ ಸಂಬಂಧಿಸಿದ ಸ್ಥಳದಲ್ಲಿ ಶುದ್ಧಕನ್ನಡದ ಹಟ ಸಲ್ಲದೆಂದು ನಾನು ಇನ್ವರ್ಟರ್ ಎಂದೇ ಬರೆದೆ. ಗ್ರಿಡ್ ಎಂಬುದಕ್ಕಾದರೋ ವಿದ್ಯುಜ್ಜಾಲ ಎಂಬ ಮಾತು ಸೊಗಸಾಗಿ ಒಪ್ಪುತ್ತದೆ.

ಬೆಳಕು ವಿದ್ಯುತ್ತಾಗುವ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಸಿಲಿಕಾನ್ ಎಂಬ ಮೂಲವಸ್ತು ಮರಳಿನಲ್ಲಿ ಹೇರಳವಾಗಿದೆ. ಅದನ್ನು ಶುದ್ಧಗೊಳಿಸಿ, ತೆಳುವಾದ ಬಿಲ್ಲೆಗಳಾಗಿ ಕೊಯ್ದು, ಬಿಲ್ಲೆಯ ಒಂದು ಪದರದಲ್ಲಿ ರಂಜಕವನ್ನೂ ಇನ್ನೊಂದರಲ್ಲಿ ಬೋರಾನ್ ಮುಂತಾದುದನ್ನೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಎರಡು ಪದರಗಳೂ ಕೂಡುವಲ್ಲಿ ಒಂದು ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಬೆಳಕಿನ ಕಣ ಬಡಿದಾಗ ಬಿಡುಗಡೆಯಾದ ಎಲೆಕ್ಟ್ರಾನನ್ನು ಆ ಕ್ಷೇತ್ರ ಒಂದೇ ದಿಕ್ಕಿಗೆ ತಳ್ಳುತ್ತದೆ. ಹೊರಗೆ ತಂತಿಯನ್ನು ಜೋಡಿಸಿದರೆ ಪ್ರವಾಹ ಹರಿಯುತ್ತದೆ. ಇದರಲ್ಲಿ ಉರಿಯುವುದು ಯಾವುದೂ ಇಲ್ಲ, ತಿರುಗುವುದು ಯಾವುದೂ ಇಲ್ಲ. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿಯೇ ಗಮನಿಸಿದ್ದನು. ಆದರೂ ಬಳಕೆಗೆ ಯೋಗ್ಯವಾದ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಲೋಕದ ಮುಂದಿಟ್ಟದ್ದು 1954ರಲ್ಲಿ. ಅದು ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಆರು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು ಇಪ್ಪತ್ತು ಪಾಲಿಗಿಂತ ಹೆಚ್ಚನ್ನು ಕೊಡುತ್ತವೆ.

ಈಗ ಜಾಲದ ವಿಷಯ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ 147 ಕಿಲೋಮೀಟರು ದೂರ ತಂತಿಗಳನ್ನೆಳೆದು ವಿದ್ಯುತ್ತನ್ನು ಒಯ್ದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ನಮ್ಮ ನಾಡಿನ ಹೆಮ್ಮೆಯ ಸಂಗತಿಗಳಾಗಿವೆ. ಅಂದು ವಿದ್ಯುತ್ತಿನ ಹರಿವು ಏರಿ ನಾಲೆಯ ನೀರಿನಂತೆ ಒಂದೇ ಮುಖವಾಗಿತ್ತು: ಉತ್ಪಾದಿಸುವವನು ಮೇಲೆ, ಬಳಸುವವನು ಕೆಳಗೆ. ಆ ಬಳಿಕ ನಾಲೆಗೆ ನಾಲೆ ಕೂಡಿ ಜಾಲವಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರಗಳ ನಡುವಣ 765 ಕಿಲೋವೋಲ್ಟಿನ ಮಾರ್ಗ ಜೋಡಣೆಯಾದಾಗ ದಕ್ಷಿಣದ ಜಾಲವು ಉಳಿದ ಭಾರತದ ಜಾಲದೊಡನೆ ಒಂದೇ ಲಯದಲ್ಲಿ ಸೇರಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಪರ್ಯಾಯ ಪ್ರವಾಹವು ಸೆಕೆಂಡಿಗೆ ಐವತ್ತು ಆವೃತ್ತಿಯ ಒಂದೇ ತಾಳಕ್ಕೆ ಮಿಡಿಯುತ್ತಿದೆ. ಆ ಬೆಸುಗೆ ನಮ್ಮ ರಾಯಚೂರಿನಲ್ಲಿ ಆಯಿತೆಂಬುದನ್ನು ಮಕ್ಕಳಿಗೆ ಹೇಳಿದರೆ ಭೂಗೋಳದ ಪಾಠಕ್ಕೂ ಕಳೆ ಬಂದೀತು.

ಪುರಸಭೆಯ ಮಾಳಿಗೆಯ ಫಲಕಗಳು ಈ ಮಹಾಜಾಲಕ್ಕೆ ತಮ್ಮ ಕಿರುಪಾಲನ್ನು ಸೇರಿಸುವ ತೊರೆಗಳು. ಹಳೆಯ ಬಗೆಯ ಸೌರದೀಪಗಳಲ್ಲಿ ಹಗಲಿನ ವಿದ್ಯುತ್ತನ್ನು ಬ್ಯಾಟರಿಯಲ್ಲಿ ತುಂಬಿಟ್ಟು ರಾತ್ರಿ ಬಳಸುತ್ತಿದ್ದರು. ಜಾಲಕ್ಕೆ ಜೋಡಿಸಿದ ವ್ಯವಸ್ಥೆಯಲ್ಲಿ ಬ್ಯಾಟರಿ ಇರುವುದಿಲ್ಲ. ಹಗಲು ಉತ್ಪನ್ನವಾದದ್ದನ್ನು ಕಟ್ಟಡ ತಾನು ಮೊದಲು ಬಳಸುತ್ತದೆ. ಮಿಕ್ಕದ್ದು ಅದೇ ತಂತಿಯಲ್ಲಿ ಹಿಂದಕ್ಕೆ ಹರಿದು ನೆರೆಯ ಅಂಗಡಿ, ಮನೆಗಳಿಗೆ ಸಲ್ಲುತ್ತದೆ. ಕೊರತೆ ಬಿದ್ದಾಗ ಮತ್ತು ರಾತ್ರಿಯಲ್ಲಿ ಜಾಲದಿಂದ ಬರುತ್ತದೆ. ಇಂಥ ಸಣ್ಣ ಸ್ಥಾವರಗಳನ್ನು ಮನೆಗಳ ಮೇಲೆ ವ್ಯಾಪಕವಾಗಿ ಪ್ರಯೋಗಿಸಲು 1990ರಲ್ಲಿ ಜರ್ಮನಿಯ ಸರಕಾರ 'ಸಾವಿರ ಮಾಳಿಗೆ'ಗಳ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮಲ್ಲಿ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 2009-10ರ ಸುಮಾರಿಗೆ ಮೂರು ಮೆಗಾವಾಟಿನ ಸ್ಥಾವರ ಜಾಲಕ್ಕೆ ಸೇರಿತು. ಅನಂತರ ಹತ್ತು ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲಿ 2,050 ಮೆಗಾವಾಟಿನ ಬೃಹತ್ ಸೌರವನ ತಲೆಯೆತ್ತಿತು.

ಫಲಕ ಕೊಡುವುದು ಏಕಮುಖ ಪ್ರವಾಹ. ಜಾಲದಲ್ಲಿರುವುದು ಪರ್ಯಾಯ ಪ್ರವಾಹ. ಇವೆರಡಕ್ಕೂ ಸಂಧಿ ಮಾಡುವವನೇ ಇನ್ವರ್ಟರ್. ವ್ಯಾಕರಣದ ಸಂಧಿಯಲ್ಲಿ ಎರಡು ಅಕ್ಷರಗಳು ಕೂಡಬೇಕಾದರೆ ನಿಯಮವಿರುವಂತೆ ಇಲ್ಲಿಯೂ ನಿಯಮವಿದೆ. ವೋಲ್ಟೇಜು ಸರಿಹೊಂದಬೇಕು, ಆವೃತ್ತಿ ಸರಿಹೊಂದಬೇಕು, ಅಲೆಯ ಏರಿಳಿತದ ಹೆಜ್ಜೆಯೂ ಸರಿಹೊಂದಬೇಕು. ಭಜನೆಯ ಮೇಳದಲ್ಲಿ ತಡವಾಗಿ ಬಂದವನು ಬಾಗಿಲಲ್ಲಿಯೇ ನಿಂತು ಶ್ರುತಿಯನ್ನೂ ತಾಳವನ್ನೂ ಕೇಳಿಸಿಕೊಂಡು, ಅದು ಮನಸ್ಸಿಗೆ ಹತ್ತಿದ ಮೇಲೆ ದನಿಗೂಡಿಸುತ್ತಾನಷ್ಟೆ. ಇನ್ವರ್ಟರೂ ಹಾಗೆಯೇ ಬೆಳಗ್ಗೆ ಸೂರ್ಯೋದಯವಾದ ಬಳಿಕ ಕೆಲಕಾಲ ಜಾಲವನ್ನು ಆಲಿಸಿ, ಎಲ್ಲವೂ ಮೇರೆಯಲ್ಲಿದೆಯೆಂದು ಕಂಡ ಮೇಲೆ ಸೇರಿಕೊಳ್ಳುತ್ತದೆ. ಒಳಗಿರುವ ಅರೆವಾಹಕದ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ನೇರಪ್ರವಾಹವನ್ನು ಅಲೆಯ ರೂಪಕ್ಕೆ ಕಡೆಯುತ್ತವೆ.

ಇಲ್ಲಿಯೇ ಜನರಿಗೆ ಅತ್ಯಂತ ವಿಚಿತ್ರವಾಗಿ ತೋರುವ ಸಂಗತಿ ಇರುವುದು. ಊರಿನಲ್ಲಿ ಕರೆಂಟು ಹೋಯಿತೆಂದರೆ, ನಡುಹಗಲಿನ ಬಿಸಿಲು ಸುಡುತ್ತಿದ್ದರೂ, ಮಾಳಿಗೆಯ ತುಂಬ ಫಲಕಗಳಿದ್ದರೂ ಪುರಸಭೆಯ ಫ್ಯಾನು ನಿಲ್ಲುತ್ತದೆ. "ಲಕ್ಷಗಟ್ಟಲೆ ಸುರಿದು ಹಾಕಿಸಿದ್ದು ಇದಕ್ಕೇನು?" ಎಂದು ಕಂದಾಯ ಕಟ್ಟಲು ಬಂದವರು ಕೇಳುವುದುಂಟು. ಗುತ್ತಿಗೆದಾರನು ಮೋಸ ಮಾಡಿದನೆಂಬ ಗುಸುಗುಸು ಹಬ್ಬುವುದೂ ಉಂಟು. ಅದು ದೋಷವಲ್ಲ, ಉದ್ದೇಶಪೂರ್ವಕವಾದ ಕಟ್ಟಳೆ. ಊರಿನ ಮಾರ್ಗವನ್ನು ದುರಸ್ತಿಗೆಂದು ಬಂದ್ ಮಾಡಿ ಲೈನ್‌ಮನ್ ಕಂಬ ಹತ್ತಿದ್ದಾನೆನ್ನಿ. ಆ ಹೊತ್ತಿನಲ್ಲಿ ಪುರಸಭೆಯ ಇನ್ವರ್ಟರ್ ತನ್ನ ಪಾಡಿಗೆ ತಾನು ವಿದ್ಯುತ್ತನ್ನು ತಂತಿಗೆ ತಳ್ಳುತ್ತಿದ್ದರೆ, ಸತ್ತಿದೆಯೆಂದು ಅವನು ನಂಬಿ ಮುಟ್ಟಿದ ತಂತಿಯಲ್ಲಿ ಮೃತ್ಯುವಿರುತ್ತದೆ. ಜಾಲದಿಂದ ಕಡಿದುಹೋದ ತುಂಡೊಂದು ಹೀಗೆ ಒಂಟಿಯಾಗಿ ಜೀವದಿಂದಿರುವುದನ್ನು ಶಾಸ್ತ್ರಜ್ಞರು 'ದ್ವೀಪ' ಎಂದು ಕರೆಯುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2013ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಜಾಲ ನಿಂತ ಎರಡು ಸೆಕೆಂಡುಗಳೊಳಗಾಗಿ ಇಂಥ ಸ್ಥಾವರ ತಾನಾಗಿಯೇ ಬೇರ್ಪಡಬೇಕು. ನನ್ನ ಕನ್ನಡದ ಹಲಗೆಯಲ್ಲಿ ಈ ಮಾತನ್ನು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬರೆಯಿಸಿದೆ. ಕಂಬ ಹತ್ತಿದವನ ಹೆಂಡತಿ ಮಕ್ಕಳು ಸಂಜೆ ಅವನ ದಾರಿ ಕಾಯುತ್ತಿರುತ್ತಾರೆ; ಫ್ಯಾನು ಅರ್ಧಗಂಟೆ ನಿಂತರೆ ನಿಲ್ಲಲಿ.

ಕರೆಂಟು ಹೋದಾಗಲೂ ಕಂಪ್ಯೂಟರು, ಜನನ-ಮರಣ ನೋಂದಣಿಯ ಕೆಲಸ ನಡೆಯಬೇಕೆಂದರೆ ಬ್ಯಾಟರಿಯನ್ನೂ ಸೇರಿಸಿಕೊಂಡ ಮಿಶ್ರಜಾತಿಯ ಇನ್ವರ್ಟರ್ ಬೇಕು. ಅದು ಮೊದಲು ಕಟ್ಟಡವನ್ನು ಜಾಲದಿಂದ ಪೂರ್ತಿಯಾಗಿ ಬೇರ್ಪಡಿಸಿಕೊಂಡು, ಆಮೇಲೆ ಅಗತ್ಯದ ಕೆಲವು ದೀಪ ಯಂತ್ರಗಳನ್ನು ಮಾತ್ರ ನಡೆಸುತ್ತದೆ. ವೆಚ್ಚ ಹೆಚ್ಚು, ಬ್ಯಾಟರಿಗೆ ಆಯುಷ್ಯ ಫಲಕಕ್ಕಿಂತ ಬಹಳ ಕಡಿಮೆ. ಡೀಸೆಲ್ ಜನರೇಟರ್ ಇರುವ ಕಟ್ಟಡಗಳಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಜನರೇಟರ್ ಶುರುವಾದೊಡನೆ ಇನ್ವರ್ಟರ್ ಅದನ್ನೇ ಜಾಲವೆಂದು ಭ್ರಮಿಸಿ ಸೇರಿಕೊಳ್ಳಬಹುದು. ಕಟ್ಟಡದ ಬಳಕೆ ಕಡಿಮೆಯಿದ್ದರೆ ಸೌರವಿದ್ಯುತ್ತು ಜನರೇಟರಿನೊಳಕ್ಕೇ ನುಗ್ಗಿ ಅದನ್ನು ಕೆಡಿಸೀತು. ಎರಡೂ ಏಕಕಾಲದಲ್ಲಿ ಕೂಡದಂತೆ ತಡೆಯುವ ಏರ್ಪಾಡನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸಬೇಕು.

ಮಾಳಿಗೆಯ ವಿಚಾರಕ್ಕೆ ಬರೋಣ. ಒಂದು ಕಿಲೋವಾಟ್ ಸಾಮರ್ಥ್ಯಕ್ಕೆ ನೆರಳು ಬೀಳದ ಸುಮಾರು ನೂರು ಚದರಡಿ ಸ್ಥಳ ಬೇಕಾಗುತ್ತದೆ. ಹಳೆಯ ಪುರಸಭಾ ಭವನಗಳಲ್ಲಿ ಮಂಗಳೂರು ಹೆಂಚಿನವು, ಮದರಾಸು ತಾರಸಿಯವು, ಕಲ್ಲುಚಪ್ಪಡಿಯವು ಇನ್ನೂ ಇವೆ. ಅಂಥವುಗಳ ಮೇಲೆ ಏನನ್ನಾದರೂ ಕೂರಿಸುವ ಮೊದಲು ತಜ್ಞನಾದ ಇಂಜಿನಿಯರಿನಿಂದ ಪರೀಕ್ಷೆ ಮಾಡಿಸುವುದು ಕಡ್ಡಾಯವಾಗಿರಬೇಕು. ಕಾಂಕ್ರೀಟಿನ ತಾರಸಿಗೆ ಫಲಕದ ಭಾರ ದೊಡ್ಡದಲ್ಲ. ಚದರ ಮೀಟರಿಗೆ ಹದಿನೈದು ಇಪ್ಪತ್ತು ಕಿಲೋಗ್ರಾಂ ಮಾತ್ರ. ಭಾರಕ್ಕಿಂತ ಗಾಳಿಯ ಭಯವೇ ಹೆಚ್ಚು. ಓರೆಯಾಗಿ ನಿಂತ ಫಲಕದ ಕೆಳಗೆ ಗಾಳಿ ನುಗ್ಗಿದರೆ ಅದು ಮೊರದಂತೆ ಮೇಲೆದ್ದೀತು. ಭಾರತೀಯ ಮಾನಕವು ವಿನ್ಯಾಸಕ್ಕೆ ಹಿಡಿಯಬೇಕಾದ ಮೂಲ ಗಾಳಿಯ ವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರೆಂದೂ ಮಂಗಳೂರಿಗೆ 39 ಮೀಟರೆಂದೂ ನಿಗದಿಮಾಡಿದೆ. ಕಾಲುಗಳನ್ನು ನಿಲ್ಲಿಸಲು ತಾರಸಿಯನ್ನು ಕೊರೆದರೆ ಮಳೆಗಾಲದಲ್ಲಿ ದಾಖಲೆಗಳ ಕೋಣೆ ಸೋರುತ್ತದೆ. ಕಾಂಕ್ರೀಟಿನ ಭಾರವಾದ ದಿಮ್ಮಿಗಳ ಮೇಲೆ ನಿಲ್ಲಿಸುವುದು ಎಷ್ಟೋ ಮೇಲು. ಖಾತೆ, ನಕ್ಷೆ, ಜನನ-ಮರಣಗಳ ಕಾಗದಗಳು ನೆನೆದು ಹಾಳಾದ ಮೇಲೆ ಉಳಿಸಿದ ವಿದ್ಯುತ್ತಿನಿಂದ ಬಂದ ಭಾಗ್ಯವೇನು?

ನೆರಳಿನ ವಿಷಯದಲ್ಲಿ ಜನ ಉದಾಸೀನರಾಗಿರುತ್ತಾರೆ. ಹತ್ತು ಫಲಕಗಳಲ್ಲಿ ಒಂದಕ್ಕೆ ಮಾತ್ರ ನೀರಿನ ಟ್ಯಾಂಕಿನ ನೆರಳು ಬಿದ್ದರೆ ನಷ್ಟ ಹತ್ತನೆಯ ಒಂದು ಪಾಲೆಂದು ಲೆಕ್ಕ ಹಾಕುತ್ತಾರೆ. ಕೋಶಗಳನ್ನೂ ಫಲಕಗಳನ್ನೂ ಸರಪಣಿಯಂತೆ ಒಂದರ ಹಿಂದೆ ಒಂದನ್ನು ಜೋಡಿಸಿರುವುದರಿಂದ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳ ಪಾಡು ಅವುಗಳದು. ಕುಂಟುವ ಎತ್ತಿನ ನಡಿಗೆಯೇ ಎಲ್ಲವುಗಳ ನಡಿಗೆಯಾಗುತ್ತದೆ. ನೆರಳಾದ ಭಾಗವನ್ನು ಬಳಸಿ ಸಾಗಲು ಪ್ರತಿಯೊಂದು ಫಲಕದ ಬೆನ್ನಿನಲ್ಲಿ ಸಾಮಾನ್ಯವಾಗಿ ಮೂರು ಡಯೋಡುಗಳನ್ನು ಇಟ್ಟಿರುತ್ತಾರಾದರೂ ನಷ್ಟ ತಪ್ಪುವುದಿಲ್ಲ. ಅವು ಕೆಟ್ಟರೆ ನೆರಳಾದ ಕೋಶವೇ ಕಾದು ಸುಟ್ಟು ಕಪ್ಪಾಗುತ್ತದೆ. ಪಕ್ಕದ ನಿವೇಶನದಲ್ಲಿ ಮುಂದೆ ಮೂರು ಅಂತಸ್ತು ಏಳಬಹುದೇ ಎಂಬುದನ್ನೂ ಮೊದಲೇ ಯೋಚಿಸಬೇಕು. ಕಟ್ಟಡದ ಪರವಾನಗಿ ಕೊಡುವ ಅಧಿಕಾರ ಪುರಸಭೆಯದೇ ಆದಕಾರಣ ಈ ವಿಷಯ ಅದಕ್ಕೆ ಸಕಾಲದಲ್ಲಿ ತಿಳಿದಿರುತ್ತದೆ.

ಫಲಕವನ್ನು ದಕ್ಷಿಣಕ್ಕೆ, ಊರಿನ ಅಕ್ಷಾಂಶದಷ್ಟು ಓರೆಯಾಗಿ ಇರಿಸುವುದು ರೂಢಿ. ನಮ್ಮ ರಾಜ್ಯಕ್ಕೆ ಅದು ಹನ್ನೆರಡರಿಂದ ಹದಿನೆಂಟು ಡಿಗ್ರಿ. ಮೇ ತಿಂಗಳ ಆರಂಭದಿಂದ ಆಗಸ್ಟಿನ ಎರಡನೆಯ ವಾರದವರೆಗೆ ಹುಬ್ಬಳ್ಳಿಯ ನೇರದಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ನಿಜ. ಆದರೆ ಆಗ ಅವನು ನೆತ್ತಿಯ ಸಮೀಪದಲ್ಲಿಯೇ ಇರುವುದರಿಂದ ನಷ್ಟ ಅಲ್ಪ. ಇನ್ನೊಂದು ವಿಪರ್ಯಾಸ: ಉರಿಬಿಸಿಲಿನಲ್ಲಿ ಫಲಕ ಹೆಚ್ಚು ಕೊಡುತ್ತದೆಂದು ನಾವು ಭಾವಿಸುತ್ತೇವೆ. ಅದಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಫಲಕದ ಮೇಲೆ ಬರೆದ ಸಾಮರ್ಥ್ಯ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆಲ್ಲ ನೂರಕ್ಕೆ ಸುಮಾರು 0.35ರಷ್ಟು ಕುಗ್ಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಫಲಕ 65 ಡಿಗ್ರಿ ಕಾದರೆ ನೂರಕ್ಕೆ ಹದಿನಾಲ್ಕು ಪಾಲು ಹೋಯಿತೆಂದೇ ಲೆಕ್ಕ. ಆದ್ದರಿಂದ ಫಲಕಗಳನ್ನು ತಾರಸಿಗೆ ಅಂಟಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಬೇಕು.

ಹಣದ ಲೆಕ್ಕ ಹೀಗಿದೆ. ಪುರಸಭೆಯೊಂದು ಇಪ್ಪತ್ತು ಕಿಲೋವಾಟಿನ ಸ್ಥಾವರವನ್ನು ಹಾಕಿಸಿತೆನ್ನೋಣ. 545 ವಾಟಿನ ಮೂವತ್ತೇಳು ಫಲಕಗಳು, ಎರಡು ಸಾವಿರ ಚದರಡಿ ಸ್ಥಳ. ಕಿಲೋವಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟಿನಂತೆ ವರ್ಷಕ್ಕೆ ಸುಮಾರು ಇಪ್ಪತ್ತೆಂಟರಿಂದ ಇಪ್ಪತ್ತೊಂಬತ್ತು ಸಾವಿರ ಯೂನಿಟ್ಟು. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೆ ವರ್ಷಕ್ಕೆ ಎರಡು ಲಕ್ಷ ರೂಪಾಯಿಗಳ ಉಳಿತಾಯ. ಕಿಲೋವಾಟಿಗೆ ಐವತ್ತು ಸಾವಿರದಂತೆ ಹಾಕಿದ ಬಂಡವಾಳ ಹತ್ತು ಲಕ್ಷವಾದರೆ ಐದು ವರ್ಷಗಳಲ್ಲಿ, ತೊಳೆಯುವ ಕೂಲಿ ರಿಪೇರಿಗಳನ್ನು ಕಳೆದು ಆರೇಳು ವರ್ಷಗಳಲ್ಲಿ ಅದು ಮರಳುತ್ತದೆ. ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ ಇಪ್ಪತ್ತೈದು ವರ್ಷದ ಭರವಸೆ ಕೊಡುತ್ತಾರೆ; ಇನ್ವರ್ಟರನ್ನು ಮಾತ್ರ ನಡುವೆ ಒಮ್ಮೆ ಬದಲಿಸಬೇಕಾಗಿ ಬರುತ್ತದೆ. ಬ್ಯಾಂಕಿನ ಠೇವಣಿಗಿಂತ ಲಾಭಕರವಾದ ವ್ಯವಹಾರವೆಂಬುದರಲ್ಲಿ ಸಂದೇಹವಿಲ್ಲ, ಸ್ಥಾವರ ನಡೆಯುತ್ತಿದ್ದರೆ.

ಕಚೇರಿಗೆ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ಬಳಕೆ ಹೆಚ್ಚುವುದು ಸಂಜೆಗೆ. ಕಚೇರಿಯ ಬಳಕೆ ಸೂರ್ಯನ ಹೊತ್ತಿಗೇ ಸರಿಹೊಂದುತ್ತದೆ. ಆದರೆ ಭಾನುವಾರಗಳು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು, ಹಬ್ಬಹುಣ್ಣಿಮೆಗಳ ರಜೆಗಳು ಸೇರಿ ವರ್ಷದಲ್ಲಿ ಹೆಚ್ಚುಕಡಿಮೆ ನೂರು ದಿನ ಕಚೇರಿಗೆ ಬೀಗ, ಸೂರ್ಯನಿಗೆ ರಜೆಯಿಲ್ಲ. ಆ ದಿನಗಳ ವಿದ್ಯುತ್ತೆಲ್ಲ ಜಾಲಕ್ಕೆ ಹೋಗುತ್ತದೆ. ಎರಡೂ ಕಡೆಯ ಹರಿವನ್ನು ಅಳೆಯುವ ಮೀಟರಿನಲ್ಲಿ ತಂದದ್ದರಿಂದ ಕೊಟ್ಟದ್ದನ್ನು ಕಳೆದು ಬಿಲ್ಲು ಮಾಡುವ ಪದ್ಧತಿಗೆ ನಿವ್ವಳ ಮಾಪನವೆನ್ನುತ್ತಾರೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ ಮಾಳಿಗೆಯ ಸೌರವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯನ್ನೂ ಪಡೆದವರಿಗೆ 7 ರೂಪಾಯಿ 20 ಪೈಸೆಯನ್ನೂ ನಿಗದಿಮಾಡಿತ್ತು. ಫಲಕಗಳ ಬೆಲೆ ಇಳಿದಂತೆ ಆ ದರವೂ ಇಳಿಯಿತು. ಆದ್ದರಿಂದ ಯಾರೋ ಹತ್ತು ವರ್ಷದ ಹಿಂದೆ ಗಳಿಸಿದ್ದನ್ನು ಕೇಳಿ ಇಂದು ಮಾರಾಟದ ಆಸೆಗೆ ದೊಡ್ಡ ಸ್ಥಾವರ ಹಾಕುವುದು ಅವಿವೇಕ. ತನ್ನ ಬಳಕೆಗೆ ತಕ್ಕಷ್ಟೇ ಹಾಕುವುದು ಲೇಸು.

ಬಿಲ್ಲಿನಲ್ಲಿ ಅಡಗಿರುವ ಒಂದು ಸೂಕ್ಷ್ಮವನ್ನೂ ಹೇಳಬೇಕು. ಮೋಟಾರು, ಹಳೆಯ ಟ್ಯೂಬ್‌ಲೈಟುಗಳು ಕೆಲಸಮಾಡುವ ವಿದ್ಯುತ್ತಿನ ಜೊತೆಗೆ ಕೆಲಸಕ್ಕೆ ಬಾರದ ತೂಗಾಟದ ವಿದ್ಯುತ್ತನ್ನೂ ಜಾಲದಿಂದ ಎಳೆಯುತ್ತವೆ. ಸೌರಸ್ಥಾವರವು ಮೊದಲಿನದನ್ನು ತುಂಬಿಕೊಟ್ಟು ಎರಡನೆಯದನ್ನು ಹಾಗೆಯೇ ಬಿಟ್ಟರೆ, ಮೀಟರಿನ ಕಣ್ಣಿಗೆ ಕಟ್ಟಡದ ಪವರ್ ಫ್ಯಾಕ್ಟರ್ ಕುಸಿದಂತೆ ಕಾಣುತ್ತದೆ, ದಂಡವೂ ಬೀಳಬಹುದು. ಇನ್ವರ್ಟರಿನಲ್ಲಿಯೇ ಇದನ್ನು ಸರಿದೂಗಿಸುವ ಸಾಮರ್ಥ್ಯವಿರುತ್ತದೆ. ಅದನ್ನು ಹೊಂದಿಸಿಕೊಡುವಂತೆ ಕೇಳುವವರು ಬೇಕು.

ಪುರಸಭೆಯ ವಿದ್ಯುತ್ ಬಿಲ್ಲೆಲ್ಲ ಈ ಮಾಳಿಗೆಯಿಂದ ತೀರುತ್ತದೆಂಬ ಭಾಷಣಗಳನ್ನು ನಂಬಬಾರದು. ಊರಿನ ಸ್ಥಳೀಯ ಸಂಸ್ಥೆ ವಿದ್ಯುತ್ತಿಗೆ ತೆರುವ ಹಣದಲ್ಲಿ ಬಹುಭಾಗ ನೀರೆತ್ತುವ ಪಂಪುಗಳಿಗೂ ಬೀದಿದೀಪಗಳಿಗೂ ಹೋಗುತ್ತದೆ. ಕಚೇರಿಯ ಕಟ್ಟಡದ ಪಾಲು ಕಿಂಚಿತ್ತು. ಬೀದಿದೀಪ ಬೆಳಗುವುದು ಸೂರ್ಯಾಸ್ತದ ಮೇಲೆ. ನೀರಿನ ಪಂಪುಗಳಾದರೋ ಹಗಲಿನಲ್ಲಿ ನಡೆಯಬಲ್ಲವು, ಮೇಲಣ ಜಲಾಗಾರವೇ ಅಲ್ಲಿ ಬ್ಯಾಟರಿ. ಇದನ್ನು ಅರಿತ ಇಂದೋರಿನ ಮಹಾನಗರಪಾಲಿಕೆ ನರ್ಮದೆಯ ನೀರನ್ನು ಊರಿಗೆ ಎತ್ತಿ ತರುವ ಪಂಪುಗಳ ಖರ್ಚನ್ನು ಇಳಿಸಲೆಂದು ಜಲೂದ್‌ನಲ್ಲಿ 60 ಮೆಗಾವಾಟಿನ ಸೌರಸ್ಥಾವರವನ್ನು ಯೋಜಿಸಿ, ಅದಕ್ಕಾಗಿ 2023ರ ಫೆಬ್ರುವರಿಯಲ್ಲಿ ಹಸಿರು ಸಾಲಪತ್ರಗಳ ಮೂಲಕ 244 ಕೋಟಿ ರೂಪಾಯಿಗಳನ್ನು ಎತ್ತಿತು. ಸಾಮಾನ್ಯ ನಾಗರಿಕರೂ ಆ ಪತ್ರಗಳನ್ನು ಕೊಳ್ಳಲು ಅವಕಾಶವಿತ್ತು. ನಮ್ಮ ಮಾಳಿಗೆಯ ಇಪ್ಪತ್ತು ಕಿಲೋವಾಟು ಅದರ ಮುಂದೆ ಎಳ್ಳುಕಾಳು. ಆದರೂ ಲೆಕ್ಕವಿಡುವ ಅಭ್ಯಾಸ ಎಳ್ಳುಕಾಳಿನಿಂದಲೇ ಮೊದಲಾಗಬೇಕು.

ಹಣ ಹೂಡುವ ದಾರಿಗಳು ಎರಡು. ಪುರಸಭೆ ತಾನೇ ಕೊಂಡು ಹಾಕಿಸಬಹುದು. ಇಲ್ಲವೆ ಕಂಪನಿಯೊಂದು ತನ್ನ ಹಣದಲ್ಲಿ ಹಾಕಿ, ಒಪ್ಪಿದ ದರದಲ್ಲಿ ಇಪ್ಪತ್ತೈದು ವರ್ಷ ಪುರಸಭೆಗೆ ವಿದ್ಯುತ್ತನ್ನು ಮಾರಬಹುದು. ಮೊದಲನೆಯದರಲ್ಲಿ ಲಾಭವೆಲ್ಲ ನಮ್ಮದು, ಕಾಳಜಿಯೂ ನಮ್ಮದು. ಎರಡನೆಯದರಲ್ಲಿ ಲಾಭ ಕಡಿಮೆ. ಆದರೆ ಸ್ಥಾವರ ನಿಂತರೆ ಕಂಪನಿಗೇ ನಷ್ಟವಾದ್ದರಿಂದ ಅದು ಎಚ್ಚರವಾಗಿರುತ್ತದೆ. ಐದೈದು ವರ್ಷಕ್ಕೆ ಸದಸ್ಯರೂ ಅದಕ್ಕೂ ಮೊದಲೇ ಮುಖ್ಯಾಧಿಕಾರಿಗಳೂ ಬದಲಾಗುವ ಸಂಸ್ಥೆಗೆ ಎರಡನೆಯದೇ ಕ್ಷೇಮವೆಂದು ನನ್ನ ಶಿಷ್ಯನ ಅಭಿಪ್ರಾಯ. ಊರಿನ ಸೊತ್ತನ್ನು ಊರೇ ಕಾಯಲಾರದೆ ಹೋಯಿತೆಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಹಿಂಜರಿಯುತ್ತದೆ. ಆದರೆ ನಾನು ಕಣ್ಣಾರೆ ಕಂಡದ್ದು ಅವನ ಮಾತಿಗೇ ಸಾಕ್ಷಿಯಾಗಿದೆ.

ಒಮ್ಮೆ ಮನೆಯ ಕಂದಾಯ ಕಟ್ಟಲು ಒಂದು ಪುರಸಭೆಗೆ ಹೋಗಿದ್ದಾಗ ಆ ಶಿಷ್ಯನೂ ಜೊತೆಗಿದ್ದನು. ಮಾಳಿಗೆಯ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಹಾಕಿದ್ದ ಇನ್ವರ್ಟರಿನ ಕೆಂಪುದೀಪವನ್ನು ಕಂಡು ಅವನು ನಿಂತನು. ವಿಚಾರಿಸಿದಾಗ ಯಾರಿಗೂ ತಿಳಿಯದು. ಯಂತ್ರದ ಸ್ಮರಣೆಯಲ್ಲಿದ್ದ ಅಂಕಿಗಳನ್ನು ನೋಡಿದರೆ ಅದು ನಿಂತು ಎಂಟು ತಿಂಗಳಾಗಿತ್ತು. ಮಾಳಿಗೆಯ ಮೇಲೆ ಅಳಿಲೋ ಇಲಿಯೋ ತಂತಿಯ ಹೊದಿಕೆಯನ್ನು ಕಡಿದಿತ್ತು. ತಂತಿ ನೆಲಕ್ಕೆ ಸೋರುತ್ತಿದೆಯೆಂದು ಕಂಡುಕೊಂಡ ಇನ್ವರ್ಟರ್, ಅದರ ಧರ್ಮವೇ ಹಾಗಿರುವುದರಿಂದ, ಅಪಾಯವಾಗದಿರಲೆಂದು ಕೆಲಸ ನಿಲ್ಲಿಸಿತ್ತು. ಕೆಲವು ಮೀಟರು ತಂತಿ, ಒಬ್ಬ ಮಿಸ್ತ್ರಿಯ ಅರ್ಧ ದಿನದ ಕೆಲಸ. ಅಷ್ಟಕ್ಕಾಗಿ ಇಪ್ಪತ್ತು ಕಿಲೋವಾಟಿನ ಲೆಕ್ಕದಲ್ಲಿ ಸುಮಾರು ಹತ್ತೊಂಬತ್ತು ಸಾವಿರ ಯೂನಿಟ್ಟು, ಎಂದರೆ ಒಂದು ಲಕ್ಷ ಮೂವತ್ತು ಸಾವಿರ ರೂಪಾಯಿ, ಬಿಸಿಲಿನಲ್ಲಿ ಆವಿಯಾಗಿ ಹೋಗಿತ್ತು. ಕಳ್ಳತನವಾಗಿದ್ದರೆ ಊರೆಲ್ಲ ಗದ್ದಲವಾಗುತ್ತಿತ್ತು.

ಇದು ಜಾಲಕ್ಕೆ ಜೋಡಿಸಿದ ವ್ಯವಸ್ಥೆಗೆ ಅಂಟಿದ ವಿಶೇಷವಾದ ರೋಗ. ಬ್ಯಾಟರಿಯ ದೀಪ ಕೆಟ್ಟರೆ ಕತ್ತಲಾಗುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಇಲ್ಲಿ ಫಲಕ ಕೈಬಿಟ್ಟರೂ ಜಾಲ ಕೈಹಿಡಿಯುವುದರಿಂದ ದೀಪ ಉರಿಯುತ್ತಲೇ ಇರುತ್ತದೆ, ಫ್ಯಾನು ತಿರುಗುತ್ತಲೇ ಇರುತ್ತದೆ. ಬಿಲ್ಲು ಮಾತ್ರ ಏರುತ್ತದೆ, ಅದನ್ನು ಓದುವವರಿಲ್ಲ. ಉದ್ಘಾಟನೆಯ ಶಿಲಾಫಲಕಕ್ಕೆ ಪ್ರತಿವರ್ಷ ಸುಣ್ಣಬಣ್ಣ. ಸೌರಫಲಕದ ಮೇಲೆ ಪಾರಿವಾಳದ ಹಿಕ್ಕೆ.

ಪರಿಹಾರ ಕಷ್ಟದ್ದೇನಲ್ಲ. ಇನ್ವರ್ಟರಿನ ಪಕ್ಕದಲ್ಲಿ ಒಂದು ರಿಜಿಸ್ಟರನ್ನು ತೂಗುಹಾಕಿ, ಪ್ರತಿದಿನ ಸಂಜೆ ಕಚೇರಿ ಮುಚ್ಚುವ ಮೊದಲು ಅಂದಿನ ಯೂನಿಟ್ಟನ್ನು ಬರೆದು ಸಹಿ ಮಾಡುವಂತೆ ಒಬ್ಬ ಜವಾನನಿಗೆ ಒಪ್ಪಿಸಿದರೆ ಸಾಕು. ಇಪ್ಪತ್ತು ಕಿಲೋವಾಟಿಗೆ ಎಂಬತ್ತರ ಆಸುಪಾಸಿನಲ್ಲಿರಬೇಕಾದ ಅಂಕಿ ಮೋಡವಿಲ್ಲದ ದಿನ ನಲವತ್ತಕ್ಕೆ ಇಳಿದರೆ ಏನೋ ಕೆಟ್ಟಿದೆಯೆಂದು ಎಸ್.ಎಸ್.ಎಲ್.ಸಿ. ಓದಿದವನೂ ಹೇಳಬಲ್ಲ. ದೂರದಿಂದ ಮೊಬೈಲಿನಲ್ಲಿ ನೋಡುವ ಸೌಕರ್ಯವೂ ಇದೆ. ಆದರೆ ಅದರ ಗುಪ್ತಪದ ವರ್ಗವಾಗಿ ಹೋದ ಅಧಿಕಾರಿಯ ಜೊತೆಗೇ ಹೋಗಿರುತ್ತದೆ. ರಿಜಿಸ್ಟರಿಗೆ ಆ ತೊಂದರೆಯಿಲ್ಲ.

ಫಲಕಗಳನ್ನು ಬಿಸಿಲೇರುವ ಮೊದಲು ಅಥವಾ ಸಂಜೆ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಉತ್ತರದ ಜಿಲ್ಲೆಗಳ ಬೋರಿನ ಗಡುಸು ನೀರು ಒಣಗಿದ ಮೇಲೆ ಬಿಳಿಯ ಉಪ್ಪಿನ ಪೊರೆಯನ್ನು ಬಿಡುತ್ತದೆ. ಧೂಳು ಹೋಗಿ ಅದು ಬಂದು ಕೂತರೆ ಫಲವೇನು? ಸಾಧ್ಯವಿದ್ದಲ್ಲಿ ಮಳೆನೀರನ್ನು ಹಿಡಿದಿಟ್ಟು ಬಳಸಬೇಕು, ಒರಟು ಬ್ರಷ್ಷನ್ನು ಬಳಸಬಾರದು. ತೊಳೆಯುವವರಿಗೆ ಒಂದು ಮಾತು ತಿಳಿದಿರಲೇಬೇಕು: ಹತ್ತಿಪ್ಪತ್ತು ಫಲಕಗಳು ಸರಪಣಿಯಾದಾಗ ನೇರಪ್ರವಾಹದ ವೋಲ್ಟೇಜು ಎಂಟುನೂರರವರೆಗೂ ಏರುತ್ತದೆ, ಕೆಳಗಿನ ಸ್ವಿಚ್ಚನ್ನು ಆರಿಸಿದರೂ ಬೆಳಕಿರುವತನಕ ಫಲಕಗಳ ತಂತಿ ಜೀವಂತವಾಗಿಯೇ ಇರುತ್ತದೆ. ಸೂರ್ಯನನ್ನು ಆರಿಸುವ ಸ್ವಿಚ್ಚಿಲ್ಲ. ಒಡೆದ ಫಲಕವನ್ನೂ ಸುಲಿದ ತಂತಿಯನ್ನೂ ತಿಳಿದವನಲ್ಲದೆ ಯಾರೂ ಮುಟ್ಟಕೂಡದು.

ಕೊನೆಗೆ, ಶಾಲೆಗೆ ಇಂಥ ವ್ಯವಸ್ಥೆಯನ್ನು ದಾನ ಮಾಡಬಯಸುವ ಮಹನೀಯರಲ್ಲಿ ಒಂದು ಅರಿಕೆ. 2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಹಾಯಧನ, ಮೂರು ಕಿಲೋವಾಟು ಮತ್ತು ಅದಕ್ಕೆ ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ, ವಾಸದ ಮನೆಗಳಿಗಾಗಿ ಇರುವಂಥದು. ಶಾಲೆಯ ಕಟ್ಟಡಕ್ಕೆ ಅದನ್ನು ಲೆಕ್ಕ ಹಿಡಿಯಬಾರದು. ಶಾಲೆಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ರಜೆ, ಉತ್ಪಾದನೆ ಹೆಚ್ಚಾಗುವ ಕಾಲವೂ ಅದೇ. ಆದಕಾರಣ ನಿವ್ವಳ ಮಾಪನದ ಕರಾರಿನಲ್ಲಿ ಮಿಕ್ಕ ಯೂನಿಟ್ಟಿಗೆ ಯಾವ ದರವೆಂಬುದನ್ನು ವಿದ್ಯುತ್ ಸರಬರಾಜು ಕಂಪನಿಯಿಂದ ಲಿಖಿತವಾಗಿ ಪಡೆದ ಮೇಲೆಯೇ ಸಾಮರ್ಥ್ಯವನ್ನು ನಿರ್ಧರಿಸಬೇಕು. ಹತ್ತು ಲಕ್ಷ ಕೊಡಬಯಸುವವರು ಎಂಟು ಲಕ್ಷದ ಸ್ಥಾವರವನ್ನು ಹಾಕಿಸಿ ಉಳಿದ ಎರಡು ಲಕ್ಷವನ್ನು ಅದರ ಹೆಸರಿನಲ್ಲಿಯೇ ಠೇವಣಿ ಇರಿಸಿದರೆ, ತೊಳೆಯುವ ಕೂಲಿಯೂ ಹತ್ತು ಹನ್ನೆರಡು ವರ್ಷಗಳ ಬಳಿಕ ಹೊಸ ಇನ್ವರ್ಟರಿನ ಬೆಲೆಯೂ ಅದರಿಂದ ಒದಗುತ್ತದೆ. ರಿಜಿಸ್ಟರನ್ನು ಬರೆಯುವ ಕೆಲಸವನ್ನು ಒಂಬತ್ತನೆಯ ತರಗತಿಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಸರದಿಯಂತೆ ಒಪ್ಪಿಸಬಹುದೆಂದು ವಿಜ್ಞಾನದ ಅಧ್ಯಾಪಕರು ಈಗಾಗಲೇ ಸೂಚಿಸಿದ್ದಾರೆ. ರಜೆಯ ಎರಡು ತಿಂಗಳು ಬರೆಯುವವರು ಯಾರೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಬೇಕಾಗಿದೆ.